ಏಳು ಗೂಟದ ಸೌನಾ

ಹಾಪಸಾಲ್ಮಿಯ ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿ ಮೂವತ್ತೊಂದು ವರ್ಷ ಬಾಯ್ಲರ್ ನೋಡಿಕೊಂಡ ಹಿಲ್ಕಾಗೆ ಮಾತು ಕಡಿಮೆ, ಸಿಟ್ಟು ಮೂಗಿನ ತುದಿಯಲ್ಲಿ. ಏಳು ಜನರ ಪಾಳಿಯಲ್ಲಿ ಅವಳೊಬ್ಬಳೇ ಹೆಂಗಸು. ಅಷ್ಟು ವರ್ಷ ಬೆಂಕಿಯ ಮುಂದೆ ನಿಂತವಳು ತಣ್ಣಗಿರಬೇಕೆಂದು ಯಾರೂ ಬಯಸಿರಲಿಲ್ಲ ಬಿಡಿ.

ಸ್ಥಾವರ ಮುಚ್ಚಿ ಎರಡು ವರ್ಷವಾಯಿತು. ಕಲ್ಲಿದ್ದಲಿನ ಗುಡ್ಡವಿದ್ದ ಜಾಗದಲ್ಲಿ ಈಗ ನಲವತ್ತೆರಡು ಬಿಳಿ ಪೆಟ್ಟಿಗೆಗಳು ಸಾಲಾಗಿ ನಿಂತಿವೆ. ಒಂದೊಂದೂ ಲಾರಿಯಷ್ಟು ಉದ್ದ, ಒಳಗೆಲ್ಲ ಬ್ಯಾಟರಿ. ಆರು ವಾರ ತರಬೇತಿ ಕೊಟ್ಟು ಹಿಲ್ಕಾಳನ್ನು ಅವುಗಳ ಕಾವಲಿಗೆ ಇಟ್ಟುಕೊಂಡರು. ಬೆಳಿಗ್ಗೆ ಒಂದು ಸುತ್ತು, ಮಧ್ಯಾಹ್ನ ಒಂದು ಸುತ್ತು. ಫ್ಯಾನು ತಿರುಗುತ್ತಿದೆಯೇ, ಬಾಗಿಲಿಗೆ ಹಿಮ ಮೆತ್ತಿದೆಯೇ ಎಂದು ನೋಡಿ ಹೆಲ್ಸಿಂಕಿಯ ಆಫೀಸಿಗೆ ಫೋನು ಮಾಡುವುದು. ಕಾಫಿ ಮಾತ್ರ ಇನ್ನೂ ಏಳು ಜನಕ್ಕಾಗುವಷ್ಟೇ ಕಾಯಿಸುತ್ತಿದ್ದಳು. ಆ ಕೈಗೆ ಬೇರೆ ಅಳತೆ ಗೊತ್ತಿರಲಿಲ್ಲ. ಉಳಿದದ್ದನ್ನು ಸಂಜೆ ತೊಟ್ಟಿಗೆ ಸುರಿಯುವಾಗ ಅತ್ತಿತ್ತ ನೋಡುತ್ತಿದ್ದಳು. ನೋಡುವವರು ಯಾರಿದ್ದರು ಅಲ್ಲಿ?

ಹಿಂದೆಲ್ಲ ಶನಿವಾರ ಸಂಜೆ ಬಂತೆಂದರೆ ಅವಳನ್ನು ಹಿಡಿಯುವವರಿರಲಿಲ್ಲ. ಐದು ಗಂಟೆಗೆ ಊರಿಗೆ ಊರೇ ಮನೆಯ ಸೌನಾದ, ಅಂದರೆ ಬೆವರುಸ್ನಾನದ ಕೋಣೆಯ, ಕರೆಂಟಿನ ಒಲೆ ಹಾಕುತ್ತಿತ್ತು. ಕಲ್ಲು ಕಾಯಬೇಕು, ನೀರು ಎರಚಬೇಕು, ವಾರದ ಬೆವರು ಇಳಿಯಬೇಕು. ಅದು ಅಲ್ಲಿನವರಿಗೆ ಊಟದಷ್ಟೇ ಮುಖ್ಯ. ಬಾಯ್ಲರ್ ಎಂಬುದು ಕರೆದಾಕ್ಷಣ ಏಳುವ ಪ್ರಾಣಿಯಲ್ಲ. ಹೊರಗೆ ಮೈನಸ್ ಹದಿನೈದಕ್ಕಿಂತ ಕೆಳಗಿದ್ದರೆ ನಾಲ್ಕೂಕಾಲಿಗೇ ಕಲ್ಲಿದ್ದಲು ಪುಡಿಮಾಡುವ ನಾಲ್ಕನೆಯ ಗಿರಣಿ ಶುರುಮಾಡಬೇಕೆಂದು ಹಿಲ್ಕಾ ಬಲ್ಲಳು. ಯಾವ ಪುಸ್ತಕದಲ್ಲೂ ಬರೆದಿರದ ವಿದ್ಯೆ ಅದು. ಈಗ ಬ್ಯಾಟರಿಗಳು ಕಣ್ಣು ಮಿಟುಕಿಸುವಷ್ಟರಲ್ಲಿ ತಾವೇ ಎದ್ದು ಕರೆಂಟು ಕೊಡುತ್ತವೆ. ಅವಳನ್ನು ಒಂದು ಮಾತೂ ಕೇಳುವುದಿಲ್ಲ.

ಕಲ್ಲಿದ್ದಲು ಹೋಯಿತೆಂದು ಅವಳು ಅತ್ತವಳಲ್ಲ. ಪಾಳಿಯ ಮುಖ್ಯಸ್ಥ ಸುಲೊ ಕೊನೆಯ ಚಳಿಗಾಲವಿಡೀ ಕೆಮ್ಮಿ ಕೆಮ್ಮಿ ಸತ್ತದ್ದನ್ನು ನೋಡಿದವರು ಹಾಗೆ ಅಳುವುದಿಲ್ಲ. ಹೋಗಲಿ, ಒಳ್ಳೆಯದೇ ಆಯಿತು ಎಂದಿದ್ದಳು. ಜನವೂ ಅದರ ಜೊತೆಗೇ ಹೋಗುತ್ತಾರೆಂದು ಮಾತ್ರ ಅವಳಿಗೆ ಹೊಳೆದಿರಲಿಲ್ಲ. ಒಬ್ಬ ಸ್ಪೇನಿಗೆ, ಇಬ್ಬರು ತಾಂಪೆರೆಗೆ, ಒಬ್ಬ ಮಗಳ ಮನೆಗೆ, ಸುಲೊ ಸ್ಮಶಾನಕ್ಕೆ. ಉಳಿದವನು ಕಲೆರ್ವೊ. ಅವನ ಮಾತು ಬೇರೆಯೇ.

ಅವಳಿಗೆಂದು ಉಳಿದದ್ದು ಸಮುದ್ರದ ದಡದಲ್ಲಿದ್ದ ಸ್ಥಾವರದ ಸೌನಾ ಒಂದೇ. ಮರದ ಹಳೇ ಮನೆ, ಸೌದೆಯ ಒಲೆ. ಬಟ್ಟೆ ಬದಲಿಸುವ ಕೋಣೆಯ ಗೋಡೆಗೊಂದು ಹಲಗೆ, ಹಲಗೆಯಲ್ಲಿ ಒಂದು ಕಾಲಕ್ಕೆ ಏಳು ಗೂಟ. ಪಾಳಿಗೆ ಹೊಸಬರು ಸೇರಿದರೆ ಬರ್ಚ್ ಮರದ ಗೂಟವೊಂದನ್ನು ಕೆತ್ತಿ, ಕಾದ ಕಂಬಿಯಿಂದ ಹೆಸರು ಸುಟ್ಟು, ಅಲ್ಲಿ ಸಿಕ್ಕಿಸುವುದು. ಕೆಲಸ ಬಿಡುವ ದಿನ ಆ ಗೂಟವನ್ನು ಕಿತ್ತು ಅವರ ಕೈಗೇ ಕೊಟ್ಟು ಕಳಿಸುವುದು. ಶುಕ್ರವಾರ ಪಾಳಿ ಮುಗಿದ ಮೇಲೆ ಮೊದಲು ಹಿಲ್ಕಾ ಒಬ್ಬಳೇ ಒಳಗೆ ಹೋಗುವಳು, ಆಮೇಲೆ ಗಂಡಸರು. ಹೊರಬರುವವರು ಮುಂದಿನವರಿಗಾಗಿ ಬಕೆಟ್ ತುಂಬಿಸಿ, ಸೌದೆ ಜೋಡಿಸಿ ಬರಬೇಕು. ಇದನ್ನು ಮರೆತವನು ಮನುಷ್ಯನೇ ಅಲ್ಲ ಎಂದು ಸುಲೊ ಹೇಳುತ್ತಿದ್ದ.

ಈಗಲೂ ಅವಳು ಶುಕ್ರವಾರ ಒಲೆ ಹಚ್ಚುತ್ತಿದ್ದಳು. ಹೊರಬರುವಾಗ ಬಕೆಟ್ ತುಂಬಿಸುತ್ತಿದ್ದಳು. ಮುಂದಿನ ಶುಕ್ರವಾರ ಆ ನೀರನ್ನು ತಾನೇ ಬಳಸುತ್ತಿದ್ದಳು.

ಅಕ್ಟೋಬರಿನ ಮೊದಲ ವಾರ ಹೆಲ್ಸಿಂಕಿಯಿಂದ ಮೀಸಾ ಫೋನು ಮಾಡಿದಳು. ಮೀಸಾ ಅವಳ ಮೇಲಧಿಕಾರಿ. ವಯಸ್ಸಿನಲ್ಲಿ ಹಿಲ್ಕಾಳ ಅರ್ಧ, ಒಳ್ಳೆಯ ಹುಡುಗಿ.

"ಹಿಲ್ಕಾ, ಬೇಜಾರು ಮಾಡ್ಕೋಬೇಡಿ. ಇನ್ನಾರು ಪೆಟ್ಟಿಗೆ ಬರೋದಿದೆ, ಜಾಗ ಬೇಕು. ಸೌನಾ ತೆಗೆಯೋಣ ಅಂತಿದ್ದಾರೆ."

"ಅದನ್ನ ನಾನು ಉಪಯೋಗಿಸ್ತೀನಿ."

"ಒಬ್ಬರಿಗೋಸ್ಕರ ಇಡಲ್ಲವಂತೆ. ಮೂರು ಜನ ಬರ್ತಾರೆ ಅಂತಾದ್ರೆ ಪೆಟ್ಟಿಗೆಗಳನ್ನ ಆಚೆ ಕಡೆ ಇಡಿಸ್ತೀನಿ. ಈ ತಿಂಗಳ ಕೊನೇ ಶುಕ್ರವಾರದೊಳಗೆ ಸೌನಾಕ್ಕೆ ಬಂದವರು ಹೆಸರು ಬರೆಯೋ ಪುಸ್ತಕದಲ್ಲಿ ಮೂರು ಹೆಸರಿರಲಿ. ಅಲ್ಲಿ ಹಿಂದೆ ಕೆಲಸ ಮಾಡಿದವರು ಯಾರಾದ್ರೂ ಸೈ."

"ನಾನೊಬ್ಬಳೇ ಮೂರು ಜನದಷ್ಟು ಬೆವರ್ತೀನಿ, ಅಷ್ಟು ಸಾಲದಾ?"

ಮೀಸಾ ನಕ್ಕಳು. ಆದರೆ ಮೂರು ಎಂದರೆ ಮೂರೇ.

ಸ್ಪೇನಿನವನು ಏಪ್ರಿಲ್ ತನಕ ಬರುವುದಿಲ್ಲವೆಂದ. ತಾಂಪೆರೆಯವರು ನೋಡೋಣ ಎಂದರು. ನೋಡೋಣ ಎಂದರೆ ಇಲ್ಲ ಎಂದೇ ಅರ್ಥ. ಮಗಳ ಮನೆಯಲ್ಲಿದ್ದವನಿಗೆ ಹಿಲ್ಕಾ ಯಾರೆಂದು ನೆನಪಾಗಲು ತುಂಬಾ ಹೊತ್ತು ಹಿಡಿಯಿತು. ಫೋನು ಇಟ್ಟ ಮೇಲೆ ಅವಳು ಕಿಟಕಿಯ ಬಳಿ ನಿಂತಳು. ಕೊಲ್ಲಿಯ ಆಚೆ ದಡದಲ್ಲಿ ಅಣುಸ್ಥಾವರದ ದೀಪಗಳು ಹೊತ್ತಿಕೊಂಡವು. ಕಲೆರ್ವೊ ಅಲ್ಲಿದ್ದ.

ಆರು ವರ್ಷದ ಹಿಂದೆ, ಸ್ಥಾವರ ಮುಚ್ಚುವ ಮಾತು ಇನ್ನೂ ಗಾಳಿಸುದ್ದಿಯಾಗಿದ್ದಾಗ, ಕಲೆರ್ವೊ ಆಚೆ ದಡದಲ್ಲಿ ಕೆಲಸ ಹಿಡಿದಿದ್ದ. ಇನ್ನು ಕಲ್ಲಿದ್ದಲು ನಡೆಯೋದಿಲ್ಲ, ಅಣುಶಕ್ತಿ ಮತ್ತು ಬ್ಯಾಟರಿ ಎರಡೂ ಸೇರಿ ಅದರ ಜಾಗ ಹಿಡೀತಾವೆ ಎಂದು ಕಾಫಿ ಕುಡಿಯುತ್ತ ನೇರವಾಗಿ ಹೇಳಿದ್ದ. ಉಂಡ ಮನೆಗೆ ಎರಡು ಬಗೆದ ಎಂದು ಪಾಳಿಯವರೆಲ್ಲ ಮಾತು ಬಿಟ್ಟರು. ಅವನ ಕೊನೆಯ ಶುಕ್ರವಾರ ಒಲೆ ಹಚ್ಚುವ ಸರದಿ ಅವನದೇ. ವಾಡಿಕೆಯಂತೆ ಹಿಲ್ಕಾ ಮೊದಲು ಒಳಗೆ ಹೋದಳು. ಬಕೆಟ್ ಅಂಚಿನ ತನಕ ತುಂಬಿತ್ತು, ಸೌದೆ ಒಪ್ಪವಾಗಿ ಜೋಡಿಸಿತ್ತು. ಅವಳು ಆ ನೀರನ್ನು ಹೊಸ್ತಿಲಿಗೆ ಚೆಲ್ಲಿದಳು. ಅವನ ಗೂಟವನ್ನು ಕಿತ್ತು ಒಲೆಗೆ ಹಾಕಿದಳು. ಕಲೆರ್ವೊ ಒಳಗೆ ಬಂದು ಹಲಗೆಯಲ್ಲಿ ಖಾಲಿ ತೂತು ನೋಡಿ, ಸೈಕಲ್ ಹತ್ತಿ ಹೋದ. ಗಂಡಸರು ಹಿಲ್ಕಾಳ ಬೆನ್ನು ತಟ್ಟಿದರು.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಅವಳಿಗೆ ನಾಚಿಕೆಯಾಗಿತ್ತು. ಆ ನಾಚಿಕೆಯನ್ನು ಯಾರಿಗೂ ಹೇಳದೆ ಆರು ವರ್ಷ ಹೊತ್ತಿದ್ದಳು. ಮೂರು ದಿನ ಫೋನನ್ನು ಎತ್ತಿ ಎತ್ತಿ ಇಟ್ಟು, ಕೊನೆಗೆ ನಂಬರು ಒತ್ತಿದಳು.

"ಕಲೆರ್ವೊ, ಹಿಲ್ಕಾ ಮಾತಾಡ್ತಿರೋದು."

"ಗೊತ್ತಾಯ್ತು."

ಹಿಲ್ಕಾ ನೇರವಾಗಿ ವಿಷಯಕ್ಕೆ ಬಂದಳು.

"ಸೌನಾ ಕೀಳ್ತಾರಂತೆ. ಮೂರು ಹೆಸರು ಬೇಕಂತೆ."

"ಎಷ್ಟಾಗಿದೆ?"

"ಒಂದು."

"ಅಂದ್ರೆ ನಿಂದೇ."

"ಹೂಂ."

"ಅಲ್ಲಿ ನನ್ನ ಗೂಟವೇ ಇಲ್ವಲ್ಲ ಹಿಲ್ಕಾ. ಅಂಗಿ ಎಲ್ಲಿ ತೂಗುಹಾಕ್ಲಿ?"

ಕ್ಷಮಿಸು ಎನ್ನಬೇಕಿತ್ತು. ನಾಲಿಗೆಯ ತುದಿಗೂ ಬಂದಿತ್ತು. "ಕೊನೇ ಶುಕ್ರವಾರ ಐದಕ್ಕೆ ಒಲೆ ಹಚ್ತೀನಿ" ಎಂದಷ್ಟೇ ಹೇಳಿ ಫೋನು ಇಟ್ಟುಬಿಟ್ಟಳು. ಆ ಸಂಜೆ ಅವಳು ತನ್ನನ್ನು ತಾನೇ ಬೈದುಕೊಂಡಷ್ಟು ಯಾವ ಬಾಯ್ಲರನ್ನೂ ಬೈದಿರಲಿಲ್ಲ.

ಮರುದಿನ ಬರ್ಚ್ ಕೊಂಬೆ ಕಡಿದು ತಂದಳು. ಗೂಟ ಕೆತ್ತುವುದು ಸುಲೊನ ಕೆಲಸವಾಗಿತ್ತು, ಅವಳಿಗೆ ಬರದು. ಮೊದಲನೆಯದು ಸೀಳಿತು, ಎರಡನೆಯದು ತೂತಿಗೆ ಹಿಡಿಸಲಿಲ್ಲ. ಮೂರನೆಯದರ ಮೇಲೆ ಕಂಬಿ ಕಾಯಿಸಿ ಕಲೆರ್ವೊನ ಹೆಸರು ಸುಟ್ಟಾಗ ಅಕ್ಷರಗಳು ಒಂದರ ಮೇಲೊಂದು ವಾಲಿದವು. ಆದರೂ ಅದನ್ನೇ ಹಲಗೆಯ ಖಾಲಿ ತೂತಿಗೆ ಸಿಕ್ಕಿಸಿದಳು.

ಕೊನೆಯ ಶುಕ್ರವಾರ ಐದು ಗಂಟೆಗೆ ಹೊಗೆ ಏಳತೊಡಗಿತು. ಐದೂಕಾಲು, ಐದೂವರೆ. ಬರಲಾರ ಎಂದು ಅವಳು ಎದ್ದು ನಿಂತಾಗ ಗೇಟಿನಲ್ಲಿ ಕಾರು ನಿಂತಿತು. ಕಲೆರ್ವೊನ ತಲೆ ಪೂರಾ ಬೆಳ್ಳಗಾಗಿತ್ತು. ಕೈಯಲ್ಲಿ ಸಾಸೇಜಿನ ಪೊಟ್ಟಣ, ಸಾಸಿವೆಯ ಸೀಸೆ.

"ದಪ್ಪ ಆಗಿದ್ದೀಯ," ಎಂದಳು.

"ನೀನೇನು ಕಮ್ಮಿಯಾ? ನಡಿ, ಹೆಂಗಸರು ಮೊದಲು."

ಒಳಗೆ ಕೂತು ಅವಳು ಕಲ್ಲಿನ ಮೇಲೆ ನೀರು ಎರಚಿದಳು. ಗೋಡೆಯಾಚೆ ಅವನು ಕೆಮ್ಮಿದ್ದು ಕೇಳಿಸಿತು. ಆ ಗೋಡೆಯಾಚೆ ಒಬ್ಬರು ಕೆಮ್ಮಿ ಎರಡು ವರ್ಷವಾಗಿತ್ತು. ಹಿಲ್ಕಾಗೆ ಅಳು ಬಂತು, ಅತ್ತಳು. ಬೆವರಿನಲ್ಲಿ ಯಾರಿಗೆ ಗೊತ್ತಾಗಬೇಕು? ಹೊರಬರುವ ಮೊದಲು ಬಕೆಟ್ಟನ್ನು ಅಂಚಿನ ತನಕ ತುಂಬಿಸಿ, ಸೌದೆ ಜೋಡಿಸಿದಳು.

ಕಲೆರ್ವೊ ಒಳಗೆ ಹೋದ. ಬಟ್ಟೆ ಬದಲಿಸುವ ಕೋಣೆಯಿಂದ ಬಹಳ ಹೊತ್ತು ಸದ್ದೇ ಇಲ್ಲ. ಕೊನೆಗೂ ಕಲ್ಲಿನ ಮೇಲೆ ನೀರು ಬಿದ್ದು ಚುಂಯ್ ಎಂದಿತು. ಮೆಟ್ಟಿಲ ಮೇಲೆ ಕೂತಿದ್ದ ಹಿಲ್ಕಾ ಆಗ ಉಸಿರು ಬಿಟ್ಟಳು.

ಆಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಸಾಸೇಜು ತಿಂದರು.

"ಅಕ್ಷರ ಎಲ್ಲ ಓರೆ," ಎಂದ ಕಲೆರ್ವೊ.

"ಅದು ಸುಲೊನ ಕೆಲಸ ಆಗಿತ್ತು, ನಂಗೆಲ್ಲಿ ಬರುತ್ತೆ."

"ಹಳೇದು ಏನಾಯ್ತು?"

"ಒಲೆಗೆ ಹಾಕಿದೆ. ನೀನು ತುಂಬಿಸಿಟ್ಟ ಬಕೆಟ್ಟನ್ನೂ ಚೆಲ್ಲಿದೆ. ಬೇರೆ ಯಾರೂ ಅಲ್ಲ, ನಾನೇ. ತಪ್ಪಾಯ್ತು ಕಣೋ."

ಅವನು ಸಾಸಿವೆಯ ಸೀಸೆಯ ಮುಚ್ಚಳ ತಿರುಗಿಸುತ್ತಲೇ ಇದ್ದ. "ಗೂಟ ಸುಟ್ಟಿರಬೇಕು ಅಂದ್ಕೊಂಡಿದ್ದೆ. ಬಕೆಟ್ಟಿನ ವಿಷಯ ಗೊತ್ತಿರಲಿಲ್ಲ," ಎಂದ. "ಗೂಟಕ್ಕಿಂತ ಅದೇ ಜಾಸ್ತಿ ಚುಚ್ಚುತ್ತೆ ನೋಡು."

ಹಿಲ್ಕಾ ತಲೆ ಎತ್ತಲಿಲ್ಲ. ಅವನೇ ಬಿಳಿ ಪೆಟ್ಟಿಗೆಗಳ ಕಡೆ ಗದ್ದ ಎತ್ತಿ, "ಈ ಡಬ್ಬಿಗಳು ಎಷ್ಟು ಹೊತ್ತು ತಡೀತಾವೆ?" ಎಂದು ಕೇಳಿದ.

"ಪೂರ್ತಿ ಕೊಟ್ರೆ ಎರಡು ಗಂಟೆ."

"ನಮ್ಮದು ಮುಂದಿನ ಬೇಸಿಗೇಲಿ ಇಂಧನ ಬದಲಿಸೋ ತನಕ ಒಂದೇ ಸಮ ಉರಿಯುತ್ತೆ."

"ಶನಿವಾರ ಐದಕ್ಕೆ ಊರೆಲ್ಲ ಒಲೆ ಹಾಕಿದ್ರೆ ನಿನ್ನ ರಿಯಾಕ್ಟರ್ ಓಡಿ ಬರುತ್ತಾ?"

"ಅದಕ್ಕೆ ಓಡೋದು ಗೊತ್ತಿಲ್ಲ."

"ಅದಕ್ಕೇ ನನ್ನ ಡಬ್ಬಿ." ಆಮೇಲೆ ಅವಳೇ ಒಪ್ಪಿಕೊಂಡಳು: "ಮೂರು ವಾರ ಗಾಳಿಯಿಲ್ಲದೆ, ಗಾಳಿಯಂತ್ರ ತಿರುಗದೆ ಚಳಿ ಕೂತ್ರೆ ಮಾತ್ರ ಡಬ್ಬಿಯಿಂದ ಏನೂ ಆಗಲ್ಲ. ನಿನ್ನದೇ ಬೇಕು."

"ಇದನ್ನೇ ಅಲ್ವೇನೇ ನಾನು ಆವತ್ತು ಹೇಳಿದ್ದು?"

"ಹೂಂ. ಅದನ್ನೇ."

ಪುಸ್ತಕ ತೆರೆದು ಹೆಸರು ಬರೆದರು. ಹಿಲ್ಕಾ, ಕಲೆರ್ವೊ. ಮೂರನೆಯ ಸಾಲು ಖಾಲಿ.

"ಸುಲೊ ಹೆಸರು ಹಾಕು," ಎಂದ ಕಲೆರ್ವೊ. "ಹೆಲ್ಸಿಂಕಿಯವರಿಗೇನು ಗೊತ್ತು? ಅವನೂ ಬೇಡ ಅನ್ನಲ್ಲ."

"ಬೇಡ ಅನ್ನೋಕೆ ಅವನೇ ಇಲ್ವಲ್ಲ. ಅದಕ್ಕೇ ಬರೆಯಲ್ಲ."

ಪೆನ್ನಿನ ಮುಚ್ಚಳ ಹಾಕಿಬಿಟ್ಟಳು. ಆ ಸೌನಾ ತನ್ನ ಕೈಯಿಂದಲೇ ಹೋಗುತ್ತಿದೆಯೆಂದು ಅವಳಿಗೆ ಗೊತ್ತಿತ್ತು. ಆದರೂ ಬರೆಯಲಿಲ್ಲ. ಅವನು ಹೊರಡುವ ಮುಂಚೆ ಹಲಗೆಯಿಂದ ಹೊಸ ಗೂಟವನ್ನು ಕಿತ್ತು, ಆರು ವರ್ಷ ತಡವಾಗಿ, ಅವನ ಕೈಗೆ ಕೊಟ್ಟಳು. ಅವನು ಅದನ್ನು ಕೋಟಿನ ಒಳಜೇಬಿಗೆ ಹಾಕಿಕೊಂಡು ಹೊರಟ.

ನವೆಂಬರಿನಲ್ಲಿ ಕ್ರೇನು ಬಂತು. ಅರ್ಧ ದಿನದಲ್ಲಿ ಸೌನಾ ಇದ್ದ ಗುರುತೂ ಉಳಿಯಲಿಲ್ಲ. ಪೆಟ್ಟಿಗೆಗಳು ನಲವತ್ತೆಂಟಾದವು. ಹಿಲ್ಕಾ ಗೂಟದ ಹಲಗೆಯನ್ನು ಬಸ್ಸಿನಲ್ಲಿ ಮನೆಗೆ ಒಯ್ದು ಮಂಚದ ಕೆಳಗಿಟ್ಟಳು. ಶುಕ್ರವಾರಗಳಲ್ಲಿ ಐದು ಗಂಟೆಯ ಮೇಲೆ ಏನು ಮಾಡಬೇಕೆಂದು ತಿಳಿಯದೆ ಬೇಗ ಮಲಗತೊಡಗಿದಳು. ಅಷ್ಟು ಒಂಟಿತನವನ್ನು ಅವಳು ಹಿಂದೆ ಕಂಡಿರಲಿಲ್ಲ.

ಡಿಸೆಂಬರಿನ ಒಂದು ಶನಿವಾರ ಮಧ್ಯಾಹ್ನ ಫೋನು ಬಂತು.

"ನಿನ್ನ ಗೂಟ ಇದೆಯಾ?"

"ಇದೆ."

"ತಗೊಂಡು ಬಾ. ನಾಲ್ಕರ ಬಸ್ಸು."

ಅಷ್ಟೇ. ಕೊಲ್ಲಿ ಸುತ್ತಿ ಬಸ್ಸು ಆಚೆ ದಡ ತಲುಪಿದಾಗ ಮೈನಸ್ ಹದಿನೇಳು. ಕಲೆರ್ವೊ ಒಬ್ಬನೇ ಇದ್ದ ಚಿಕ್ಕ ಮನೆ, ಹಿಂದೆ ಚಿಕ್ಕ ಸೌನಾ, ಕರೆಂಟಿನದು.

"ಐದಕ್ಕೆ ಸರಿಯಾಗಿ ಹಾಕಿದೀನಿ. ನಿನ್ನ ಡಬ್ಬಿಗಳು ಅಲ್ಲಿ ದುಡೀತಿರಬೇಕು," ಎಂದು ಅವನು ಮೆಟ್ಟಿಲ ಮೇಲೆ ಕೂತ. "ನಡಿ, ಹೆಂಗಸರು ಮೊದಲು."

ಬಟ್ಟೆ ಬದಲಿಸುವ ಕೋಣೆಯ ಗೋಡೆಗೆ ಹೊಸ ಹಲಗೆ. ಒಂದು ತೂತಿನಲ್ಲಿ ಓರೆ ಅಕ್ಷರದ ಗೂಟ. ಪಕ್ಕದ ತೂತು ಖಾಲಿ. ಹಿಲ್ಕಾ ಚೀಲದಿಂದ ತನ್ನದನ್ನು ತೆಗೆದು ಸಿಕ್ಕಿಸಿದಳು. ಸರಿಯಾಗಿ ಹಿಡಿಸಿತು.

ಒಳಗೆ ಬಕೆಟ್ ಅಂಚಿನ ತನಕ ತುಂಬಿತ್ತು. ಅವಳು ಅದನ್ನೇ ನೋಡುತ್ತ ನಿಂತಳು. ಕಲ್ಲಿನ ಮೇಲೆ ನೀರು ಬಿದ್ದ ಸದ್ದು ಇನ್ನೂ ಯಾಕೆ ಕೇಳಲಿಲ್ಲವೆಂದು ಹೊರಗಿದ್ದವನಿಗೆ ಅನ್ನಿಸಿರಬೇಕು, ಒಮ್ಮೆ ಕೆಮ್ಮಿದ.

"ಹಿಲ್ಕಾ," ಎಂದ ಗೋಡೆಯಾಚೆಯಿಂದ, "ಈ ಸಲ ಚೆಲ್ಲಬೇಡ."