ಬೋರಲಿಂಗಯ್ಯ ಹಾಕಿಸಿದ ಬೇಲಿ

ತಿಪ್ಪಸಂದ್ರದ ಕಡೆಯ ಕೆಂಪರಾಜು ಬಿಡದಿಯ ಕಾರ್ಖಾನೆಗೆ ಸೇರಿದ ಹೊಸತರಲ್ಲಿ, ಊಟದ ಬಿಡುವಿನಲ್ಲಿ ಯಾರು ಸಿಕ್ಕರೂ ತಾತನ ಕಥೆ ಹೇಳುತ್ತಿದ್ದ. ಪ್ಲೇಗು ಬಂದು ಸುತ್ತಲಿನ ಹಳ್ಳಿಗಳು ಹಾಳುಬಿದ್ದಾಗ, ಪಟೇಲ ಬೋರಲಿಂಗಯ್ಯ ತನ್ನೂರಲ್ಲಿ ಅದನ್ನು ಒಂದೇ ಮನೆಗೆ ತಡೆದು ನಿಲ್ಲಿಸಿದ್ದನಂತೆ. ಅಷ್ಟು ದೊಡ್ಡ ಕಥೆಯಲ್ಲಿ ತಮ್ಮ ಮನೆಯದೂ ಒಂದು ಪಾಲಿದೆ ಎಂಬ ಹೆಮ್ಮೆ ಅವನದು.

೨೦೦೩ರ ಒಂದು ಭಾನುವಾರ ಜೊತೆಗಾರ ಮಹೇಂದ್ರ ಅವನನ್ನು ಕೋಡಿಹಳ್ಳಿಯ ತನ್ನ ಮನೆಗೆ ಊಟಕ್ಕೆ ಕರೆದೊಯ್ದ. ಎಂಬತ್ತು ದಾಟಿದ ಅಜ್ಜಿ ನಾಗಲಕ್ಷ್ಮಮ್ಮ ಕೇಳಿದಳು: "ಯಾವೂರಾಯ್ತಪ್ಪ? ಯಾರ ಮನೆಯೋನು?"

"ತಿಪ್ಪಸಂದ್ರದ ಕಡೆ. ಪಟೇಲ್ ಬೋರಲಿಂಗಯ್ಯನೋರ ಮೊಮ್ಮಗ ಕಣಜ್ಜಿ" ಎಂದವನೇ ಕೆಂಪರಾಜು ಪ್ಲೇಗಿನ ಕಥೆಯನ್ನೂ ಬಿಚ್ಚಿದ.

ಅಜ್ಜಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು: "ಆ ಒಂದು ಮನೆ ನಮ್ದೇ ಕಣಪ್ಪ. ಅಪ್ಪನ ಕಂಕುಳಲ್ಲಿ ಗೆಡ್ಡೆ ಎದ್ದಿತ್ತಂತೆ. ಊರಾಚೆ ಗುಡ್ಲಲ್ಲಿ ನಮ್ಮುನ್ನೆಲ್ಲ ಕೂಡಿ ಸುತ್ತ ಮುಳ್ಬೇಲಿ ಹಾಕ್ಸುದ್ರು ನಿಮ್ ತಾತ. ಒಂದ್ ಕೊಡ ನೀರು ಕೊಡಾಕೂ ಯಾರ್ನೂ ಬುಡ್ಲಿಲ್ಲ. ಅಪ್ಪ ಹೋದ. ಅಣ್ಣ ನೀರು ನೀರು ಅಂತ್ಲೇ ಹೋದ. ಅವ್ವ ನನ್ನ ಸೊಂಟಕ್ಕೆ ಕಟ್ಕಂಡು ಬೇಲಿ ನುಗ್ಗಿ, ಮೂರು ದಿನ ನಡ್ದು ತೌರಿಗೆ ಬಂದ್ಬುಟ್ಲಂತೆ. ಅವ್ಳ ಮೈಮ್ಯಾಗಿನ ಗೀರು ನಾನೇ ನೋಡಿವ್ನಿ."

ಕೆಂಪರಾಜುವಿನ ಮುಖ ಸುಟ್ಟಂತಾಯಿತು. ಅಜ್ಜಿಯೇ ಮುದ್ದೆಗೆ ಸಾರು ಬಿಟ್ಟು, "ನೀನೇನ್ ಮಾಡ್ದೆ? ಉಣ್ಣು" ಎಂದಳು. ಹೊರಡುವಾಗ ಅವಳು ಬೇಡಿದ್ದು ಇಷ್ಟೇ: "ಅವ್ರಿಬ್ರುನ್ನ ಮಣ್ಣು ಮಾಡಿದ್ ಜಾಗ ಗೊತ್ತಾದ್ರೆ ಹೇಳಪ್ಪ."

ಊರಿಗೆ ಬಂದು ಸೋದರತ್ತೆ ದೊಡ್ಡಲಕ್ಷ್ಮಮ್ಮನನ್ನು ಕೇಳಿದ. ಅವಳಿಗೆ ಎಲ್ಲವೂ ಗೊತ್ತಿತ್ತು.

"ಊರು ಉಳೀತಲ್ಲ, ಅದ್ನ ಏಳ್ಕಂಡ್ವಿ. ಮಿಕ್ಕಿದ್ದು ಯಾಕ್ಲಾ ಈಗ? ನಮ್ ಕೆಳಗ್ಲೊಲದ ಮೂಲೇಲಿ ಅವ್ರಿಬ್ರುನ್ನ ಮಣ್ಣು ಮಾಡಿದ್ರು. ಆಮ್ಯಾಕೆ ನಿಮ್ಮಪ್ಪ ಅದ್ನೂ ಉತ್ಬುಟ್ಟ."

ಹುಟ್ಟಿದಾಗಿನಿಂದ ಅವನು ಉಂಡದ್ದು ಆ ಹೊಲದ ರಾಗಿಯನ್ನೇ.

ಒಂದು ತಿಂಗಳು ಮಹೇಂದ್ರನ ಕಣ್ಣು ತಪ್ಪಿಸಿದ; ಶಿಫ್ಟ್ ಕೂಡ ಬದಲಿಸಿಕೊಂಡ. ಕೊನೆಗೆ ತಡೆಯಲಾರದೆ ಕೋಡಿಹಳ್ಳಿ ಬಸ್ಸು ಹತ್ತಿದ. ಅಜ್ಜಿಯ ಮುಂದೆ ತಲೆ ಎತ್ತದೆ, "ನಮ್ಮೊಲದಾಗೇ ಅವ್ರೆ ಕಣಜ್ಜಿ. ಉತ್ಬುಟ್ಟಿವಿ" ಎಂದ.

ಅಜ್ಜಿ ಎಂದಳು: "ಒಂದ್ಸಲ ಕರ್ಕಂಡೋಗು."

ಕರೆತಂದ. ದೊಡ್ಡಲಕ್ಷ್ಮಮ್ಮ ಬಾಗಿಲು ತೆರೆಯಲಿಲ್ಲ. ನಾಗಲಕ್ಷ್ಮಮ್ಮ ಹೊಲದ ಮೂಲೆಯಲ್ಲಿ ಕೂತು ಹಾಲೆರೆದಳು, ಅಳಲಿಲ್ಲ. ಕೆಂಪರಾಜು ಬದುವಿನ ಮೇಲೆಯೇ ನಿಂತಿದ್ದ. ತನ್ನದೇ ಹೊಲದೊಳಕ್ಕೆ ಕಾಲಿಡಲು ಅವನಿಗೆ ಮುಖವಿರಲಿಲ್ಲ.

ಕಾರ್ಖಾನೆಯಲ್ಲಿ ಈಗಲೂ ಯಾರಾದರೂ ತಾತನ ಕಥೆ ಕೇಳಿದರೆ ಹೇಳುತ್ತಾನೆ, ಮಹೇಂದ್ರ ಎದುರಿಗಿದ್ದಾಗಲೂ. ಬೇಲಿಯ ಮಾತು ಬಂದಾಗ ದನಿ ತಗ್ಗುತ್ತದೆ, ಆದರೆ ಅದನ್ನು ಬಿಟ್ಟು ಹೇಳುವುದಿಲ್ಲ.