ಶಿಖರದಿಂದ ತಂದ ವ್ಯಾನು

ಸೇವಾ ಸಮಿತಿಯ ಮಾನ್ಯ ಅಧ್ಯಕ್ಷರೇ, ಪದಾಧಿಕಾರಿಗಳೇ, ನೀವು ರೋಗಿಗಳ ವಾಹನವೊಂದನ್ನು ಸೆರೆಯಲ್ಲಿಟ್ಟಿದ್ದೀರಿ. ಕದ್ದಿದ್ದೀರಿ ಎಂದು ನಾನು ಹೇಳುತ್ತಿಲ್ಲ. ಕದ್ದ ವಾಹನವಾಗಿದ್ದರೆ ಇಷ್ಟು ಹೊತ್ತಿಗೆ ಎಲ್ಲಿಯಾದರೂ ಓಡಾಡಿಕೊಂಡಿರುತ್ತಿತ್ತು. ನೀವು ಅದನ್ನು ನ್ಯಾಯವಾಗಿಯೇ ಕೊಂಡಿರಿ, ತೊಳೆಸಿದಿರಿ, ಮುಂಭಾಗಕ್ಕೆ ಕೆಂಪು ರಿಬ್ಬನ್ ಕಟ್ಟಿದಿರಿ, ಚಾಮರಾಜನಗರದ ಹಳೆಯ ಅಕ್ಕಿ ಗಿರಣಿಯೊಂದರ ಶೆಡ್ಡಿನಲ್ಲಿ ನಿಲ್ಲಿಸಿ ಬೀಗ ಹಾಕಿದಿರಿ. ಮಳೆಗಾಲ ಮುಗಿದು ಚಳಿ ಬಂದಿದೆ. ವ್ಯಾನು ಇನ್ನೂ ಒಬ್ಬ ರೋಗಿಯ ಮುಖವನ್ನೂ ನೋಡಿಲ್ಲ.

ಇಂದು ಬೆಳಿಗ್ಗೆ ಆ ಶೆಡ್ಡಿಗೆ ಹೋಗಿದ್ದೆ. ಕಾವಲಿನ ಮುದುಕ ಪರಿಚಿತನಾದ್ದರಿಂದ ಒಳಗೆ ಬಿಟ್ಟ. ವ್ಯಾನಿನ ಬಾಗಿಲು ಮಾತ್ರ ತೆಗೆಯಲಿಲ್ಲ. "ರಿಬ್ಬನ್ನು ಕತ್ರುಸ್ದೆ ತಗಿಯಂಗಿಲ್ಲ ಕಣಮ್ಮಿ, ನಂಗ ಬೋಯ್ತರ" ಎಂದ. ಕಿಟಕಿಯ ಗಾಜು ಬೆರಳಗಲ ಇಳಿದಿತ್ತು. ಅಲ್ಲಿಗೆ ಮೂಗು ಒಡ್ಡಿದೆ. ಸೀಟುಗಳ ಮೇಲಿನ ಬಿಚ್ಚದ ಪ್ಲಾಸ್ಟಿಕ್ಕು, ರಬ್ಬರು, ಒಳಗೇ ಕಟ್ಟಿಕೊಂಡ ಗಾಳಿ ಎಲ್ಲ ಸೇರಿದ ಒಂದು ಹೊಸತನದ ವಾಸನೆ ಬಂತು. ಈ ವಾಸನೆಯನ್ನು ನಾನು ಬಲ್ಲೆ. ಹಿಮಾಲಯದಲ್ಲಿ ಬಾಡಿಗೆಯ ಗುಡಾರದೊಳಗೆ, ಹೊಸ ಜಾಕೆಟ್ಟಿನ ಕಾಲರಿನೊಳಗೆ ಮುಖ ಹುದುಗಿಸಿ ಮಲಗಿದಾಗ ಇದೇ ವಾಸನೆ ನನ್ನ ಜೊತೆಗಿತ್ತು. ಬೇರೆ ಯಾರೂ ಇರಲಿಲ್ಲ.

ಓದುಗರೇ, ದೂರು ಅವರಿಗೆ, ಮಾತು ನಿಮ್ಮೊಡನೆ. ಒಂದಿಷ್ಟು ದೂರ ನನ್ನ ಜೊತೆ ಬನ್ನಿ. ಏರು ಹೆಚ್ಚಿಲ್ಲ.

ನಸೀಮಾ ಆಂಟಿ ಗುಂಡ್ಲುಪೇಟೆಯಲ್ಲಿ ಬಟ್ಟೆ ಹೊಲಿಯುವವರು. ಬೇಗೂರಿನಿಂದ ಅಲ್ಲಿನ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದ ನಾನು ಬಸ್ಸು ತಪ್ಪಿದ ಸಂಜೆಗಳನ್ನೆಲ್ಲ ಕಳೆದದ್ದು ಅವರ ಅಂಗಡಿಯ ಬೆಂಚಿನ ಮೇಲೆ. ನಾನು ಬಸ್ಸು ತಪ್ಪಿಸಿಕೊಳ್ಳುವುದರಲ್ಲಿ ನಿಷ್ಣಾತಳಾದ್ದರಿಂದ ಆ ಬೆಂಚಿನ ಮೇಲೆ ನನಗೊಂದು ಹಕ್ಕೇ ಹುಟ್ಟಿತ್ತು. ಮನೆಯವರೊಡನೆ ಉರ್ದು, ಗಿರಾಕಿಗಳೊಡನೆ ಕನ್ನಡ, ಹಬ್ಬದ ಹೂ ಕೊಳ್ಳಲು ಗಡಿಯಾಚೆಯಿಂದ ಬಂದವರೊಡನೆ ಹರುಕುಮುರುಕು ಮಲಯಾಳ: ಮೂರನ್ನೂ ಅವರು ಹೊಲಿಗೆ ಯಂತ್ರದ ಸದ್ದು ನಿಲ್ಲಿಸದೆಯೇ ಆಡುತ್ತಿದ್ದರು. ನಾನು ಮೈಸೂರಿನಲ್ಲಿ ಎಂ.ಎ. ಮುಗಿಸುವ ಹೊತ್ತಿಗೆ ಅವರ ಮೂತ್ರಪಿಂಡಗಳು ಕೈಕೊಟ್ಟಿದ್ದವು. ರಕ್ತ ಶುದ್ಧಿಗಾಗಿ, ಅಂದರೆ ಡಯಾಲಿಸಿಸ್ಸಿಗಾಗಿ, ಪ್ರತಿ ಸೋಮವಾರ, ಗುರುವಾರ ಚಾಮರಾಜನಗರದ ಆಸ್ಪತ್ರೆಗೆ ಹೋಗಬೇಕು. ಹೋಗುವುದು ಬಸ್ಸಿನಲ್ಲಿ, ಬರುವುದೂ ಬಸ್ಸಿನಲ್ಲಿ. ಹೆಂಗಸರು ಈಗ ಟಿಕೆಟ್ಟಿಗೆ ಕಾಸು ಕೊಡಬೇಕಿಲ್ಲ ಎಂಬುದು ನಿಜ. ಆದರೆ ಆಸ್ಪತ್ರೆಯಿಂದ ಕಾಲು ನಡುಗುತ್ತ ಹೊರಬಂದವರಿಗೆ ಬೇಕಾಗಿರುವುದು ಟಿಕೆಟ್ಟಲ್ಲ, ಸೀಟು.

ವಿಶ್ವವಿದ್ಯಾನಿಲಯದ ಸಾಹಸ ತಂಡದಲ್ಲಿ ನಾನು ಸಣ್ಣಪುಟ್ಟ ಏರು ಹತ್ತಿದ್ದೆ. ದೊಡ್ಡ ಶಿಖರವೊಂದನ್ನು ಹತ್ತಿ, ಅದರ ಹೆಸರಿನಲ್ಲಿ ಹಣ ಕೂಡಿಸಿ, ಗುಂಡ್ಲುಪೇಟೆಯಿಂದ ರೋಗಿಗಳನ್ನು ಕರೆದೊಯ್ಯುವ ಒಂದು ವ್ಯಾನು ಮಾಡಿಸುವ ಯೋಚನೆ ಬಂದದ್ದು ಆಂಟಿಯೊಡನೆ ಒಮ್ಮೆ ನಿಂತೇ ಪ್ರಯಾಣಿಸಿದಾಗ. ಅಪ್ಪನಿಗೆ ಹೇಳಿದೆ. ಅರಿಸಿನ ಬೆಳೆದು, ಅರಿಸಿನವನ್ನೇ ವ್ಯಾಪಾರ ಮಾಡುವ ನನ್ನಪ್ಪ ಕೈಯಲ್ಲಿದ್ದ ಕೊಂಬನ್ನು ಮುರಿದು ನೋಡುತ್ತಲೇ ಕೇಳಿದ:

"ಬೆಟ್ಟ ಅತ್ತಕ್ಕ ಅಷ್ಟ್ ದೂರ ಓಗ್ಬೇಕಾ? ನಮ್ ಗೋಪಾಲಸ್ವಾಮಿ ಬೆಟ್ಟ ಏನ್ ಮಾಡಿತ್ತು ನಿಂಗ?"

"ಅಲ್ಲಿ ನಡಕಂಡು ಅತ್ತಕ್ಕ ಬುಡಲ್ಲ ಕಣಪ್ಪ, ಕಾಡು. ಬಸ್ಸಲ್ಲೇ ಓಗ್ಬೇಕು."

"ಬಸ್ಸದ ಅಂದ್ಮೇಲ ನಡಿಯದ್ಯಾಕ?" ಅಪ್ಪನಿಗೆ ಅದು ಇಂದಿಗೂ ಬಗೆಹರಿದಿಲ್ಲ.

ಅಭ್ಯಾಸಕ್ಕೆ ಊರಾಚೆಯ ಕಲ್ಲುಗುಡ್ಡವೇ ಗತಿಯಾಯಿತು. ಬೆನ್ನಿಗೆ ಭಾರ ಬೇಕಲ್ಲ, ಅಪ್ಪನ ಅಂಗಡಿಯಿಂದ ಅರಿಸಿನದ ಸಣ್ಣ ಮೂಟೆಯೊಂದನ್ನು ಕಟ್ಟಿಕೊಂಡು ಹತ್ತಿ ಇಳಿಯುತ್ತಿದ್ದೆ. ಬೆವರಿಗೆ ಬಣ್ಣ ಇಳಿದು ಬೆನ್ನೆಲ್ಲ ಹಳದಿ. ನಲ್ಲಿಯ ಹತ್ತಿರ ನಿಂತ ಹೆಂಗಸರು ಬಿಡುತ್ತಾರೆಯೇ?

"ಅರಿಸ್ನ ಸಾಸ್ತ್ರ ಮುಗುಸ್ಕಂಡ್ ಬಂದ್ಯೇನಮ್ಮಿ? ಗಂಡ್ಯಾರು?"

"ಅದ ನೋಡಕ್ಕ, ಅಲ್ ಕುಂತದ" ಎಂದು ಗುಡ್ಡ ತೋರಿಸಿದೆ.

"ಬುಡು, ಒಳ್ಳೆ ಗಂಡೇಯ. ಎದುರ್ ಮಾತಾಡಲ್ಲ."

ಹಣ ಕೇಳುವುದು ಗುಡ್ಡ ಹತ್ತುವುದಕ್ಕಿಂತ ಕಷ್ಟದ ಕೆಲಸ. ನಾನು ವಿಶ್ವವಿದ್ಯಾನಿಲಯದ ಕನ್ನಡದಲ್ಲಿ ಸಾಮಾಜಿಕ ಹೊಣೆಗಾರಿಕೆ, ಸಾರ್ವಜನಿಕ ಆರೋಗ್ಯ, ಸಾಹಸದ ಮೂಲಕ ಸೇವೆ ಎಂದೆಲ್ಲ ವಿವರಿಸುತ್ತಿದ್ದೆ. ಜನ ಮರ್ಯಾದೆಯಿಂದ ಕೇಳಿ, ಮರ್ಯಾದೆಯಿಂದಲೇ ಬೇರೆ ಕಡೆ ನೋಡುತ್ತಿದ್ದರು. ತೆರಕಣಾಂಬಿಯಲ್ಲಿ ಹಣ್ಣು ಮಾರುವ ಒಬ್ಬ ಅಜ್ಜಿ ನನ್ನ ಭಾಷಣವನ್ನು ಅರ್ಧಕ್ಕೇ ತಡೆದಳು.

"ನೀ ಬೆಟ್ಟ ಅತ್ತೀಯೆ. ನಂಗ ಅತ್ತಕ್ಕಾಗಲ್ಲ. ನನ್ ಬದ್ಲು ನೀನು ಓಯ್ತ ಇದ್ದೀಯೆ. ಅಷ್ಟೇ ತಾನೆ?"

"ಊಂ ಕಣಜ್ಜಿ."

"ಅಂಗನ್ನು ಮತ್ತ" ಎಂದು ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಟ್ಟಳು. "ಇಸ್ಕ. ಮ್ಯಾಕ್ ಓದ್ಮೇಲ ನನ್ ಹೆಸ್ರೇಳಿ ಒಂದ್ಸಲ ಕೈ ಮುಗ್ದುಬುಡು."

ನಮ್ಮ ಸೀಮೆಯಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರ ಕೈಯಲ್ಲಿ, ಹೋಗಲಾರದವರು ತಮ್ಮ ಕಾಣಿಕೆ ಕೊಟ್ಟು ಕಳುಹಿಸುವುದು ಹಿಂದಿನಿಂದ ಬಂದ ವಾಡಿಕೆ. ನಡೆದವರ ಕಾಲಿನ ನೋವಿನಲ್ಲಿ ಕೊಟ್ಟವರಿಗೂ ಪಾಲು ಉಂಟು. ತೆಗೆದುಕೊಂಡ ಕಾಣಿಕೆಯನ್ನು ಹೇಳಿದ ಜಾಗಕ್ಕೆ ಮುಟ್ಟಿಸದವರನ್ನು ಊರು ಬಾಯಿಬಿಟ್ಟು ಬೈಯುವುದಿಲ್ಲ, ಆದರೆ ಇನ್ನೊಮ್ಮೆ ಅವರ ಕೈಗೆ ಏನನ್ನೂ ಕೊಡುವುದಿಲ್ಲ. ನನ್ನ ಪದವಿಗೆ ಹೊಳೆಯದಿದ್ದ ಈ ದಾರಿಯಲ್ಲಿ ಆಮೇಲೆ ಎಲ್ಲವೂ ಸಲೀಸಾಯಿತು. ಚೆಂಡುಹೂ ಬೆಳೆಯುವವರು ಕೊಟ್ಟರು, ಮಸೀದಿ ಬೀದಿಯ ತಗಡಿನ ಕೆಲಸದವರು ಕೊಟ್ಟರು, ಚಂದಕವಾಡಿಯ ನಮ್ಮ ನೆಂಟರು ಚೌಕಾಸಿ ಮಾಡಿ ಕೊಟ್ಟರು. ಎಲ್ಲರೂ ತಮ್ಮ ತಮ್ಮ ಹೆಸರನ್ನೂ ಕೊಟ್ಟರು. ಕೂಡಿದ್ದನ್ನೆಲ್ಲ ಹಿರಿಯರಿದ್ದಾರೆ, ಹೆಸರುಳ್ಳವರಿದ್ದಾರೆ ಎಂಬ ನಂಬಿಕೆಯಿಂದ ಈ ಸಮಿತಿಗೆ ಒಪ್ಪಿಸಿ ನಾನು ಉತ್ತರದ ರೈಲು ಹತ್ತಿದೆ.

ಶಿಖರದ ಬಗ್ಗೆ ಹೇಳುವಂಥದ್ದು ನೀವು ಎಣಿಸುವಷ್ಟಿಲ್ಲ. ನಮ್ಮ ತಂಡದಲ್ಲಿದ್ದವರೆಲ್ಲ ಬೇರೆ ಬೇರೆ ಊರಿನವರು, ಇಬ್ಬಿಬ್ಬರಾಗಿ ಬಂದವರು. ಒಂಟಿಯಾಗಿ ಬಂದವಳು ನಾನೊಬ್ಬಳೇ. ಕನ್ನಡ ಬಲ್ಲವರು ಯಾರೂ ಇರಲಿಲ್ಲ. ಹಿಂದಿಯಲ್ಲಿ ನಾನು ಬಹಳ ಸಂಕ್ಷಿಪ್ತ ವ್ಯಕ್ತಿ. "ಠೀಕ್ ಹೈ" ಎನ್ನುವುದರಾಚೆಗೆ ನನಗೆ ವ್ಯಕ್ತಿತ್ವವೇ ಇಲ್ಲ. ಮೇಲೇರಿದಂತೆ ಅವರೂ ಮಾತು ಕಡಿಮೆ ಮಾಡಿದರು, ಮುಂದೆ ನಡೆಯುವವರ ಬೆನ್ನು ಮಾತ್ರ ಉಳಿಯಿತು. ಉಸಿರು ಹಿಡಿತಕ್ಕೆ ಬರಲೆಂದು ಹೆಜ್ಜೆಗೊಂದು ಹೆಸರು ಹೇಳಿಕೊಳ್ಳತೊಡಗಿದೆ: ಕಾಣಿಕೆ ಕೊಟ್ಟವರ ಹೆಸರು, ಅವರ ಅಂಗಡಿಯ ಹೆಸರು, ಹೆಸರು ಮರೆತಾಗ ಅವರು ಬೈದ ಬೈಗುಳ. ನನ್ನ ದನಿ ನನಗೇ ಬೇರೆ ಯಾರದೋ ಎಂಬಂತೆ ಕೇಳುತ್ತಿತ್ತು. ತುದಿಯಲ್ಲಿ ಮೋಡ ಕವಿದು ಏನೂ ಕಾಣಲಿಲ್ಲ. ಅಲ್ಲಿ ತೆಗೆದ ಪಟದಲ್ಲಿ ಬಿಳುಪಿನ ನಡುವೆ ಒಂದು ಕೆಂಪು ಮೂಗು ಇದೆ. ಅದು ನನ್ನದೆಂದು ನಾನು ಪ್ರಮಾಣ ಮಾಡಬಲ್ಲೆ. ಕೈಗವಸು ಕಳಚಿ ಕೈ ಮುಗಿದು ಎಲ್ಲರ ಹೆಸರನ್ನೂ ಹೇಳಿದೆ. ಒಂದೊಂದು ಹೆಸರು ಹೇಳಿದಂತೆಯೂ ಆ ಮನುಷ್ಯರು ಇಲ್ಲಿಲ್ಲ ಎಂಬುದು ಇನ್ನಷ್ಟು ಖಚಿತವಾಗುತ್ತ ಹೋಯಿತು. ಅಷ್ಟು ಜನರನ್ನು ಹೊತ್ತುಕೊಂಡು ಹೋಗಿ ಅಷ್ಟು ಒಂಟಿಯಾಗಿ ನಿಂತದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು ಎಂದು ಆಗ ಅಂದುಕೊಂಡೆ. ಕೊನೆಯದೂ ಅದೇ ಎಂದು ಅಂದುಕೊಂಡದ್ದು ತಪ್ಪಾಯಿತು.

ಹಿಂದಿರುಗಿದಾಗ ಸನ್ಮಾನ ನಡೆಯಿತು. ಪೇಟ ತೊಡಿಸಿದರು, ಅದು ಕಣ್ಣಿನವರೆಗೆ ಇಳಿದು ಸಭಿಕರಲ್ಲಿ ಅರ್ಧದಷ್ಟು ಜನ ನನಗೆ ಕಾಣಲೇ ಇಲ್ಲ. ಕೆಲವು ವಾರಗಳಲ್ಲಿ ವ್ಯಾನು ಬಂತು. ಆ ಸಂಜೆ ಆಂಟಿ ಅಂಗಡಿ ಬೇಗ ಮುಚ್ಚಿ ಶಾವಿಗೆ ಪಾಯಸ ಮಾಡಿದರು. ವ್ಯಾನು ಓಡಲಿಲ್ಲ.

ಚಾಮರಾಜನಗರಕ್ಕೆ ಕಾಲಿಟ್ಟ ಅಧಿಕಾರಸ್ಥರು ಅಧಿಕಾರ ಕಳೆದುಕೊಳ್ಳುತ್ತಾರೆಂಬ ಮಾತು ಆ ಊರಿಗೆ ಅಂಟಿಕೊಂಡು ಬಹಳ ಕಾಲವಾಯಿತು. ಲೆಕ್ಕಿಸದೆ ಬಂದು ಹೋದವರೂ ಇದ್ದಾರೆ. ಆದರೆ ನಮ್ಮ ಸಮಿತಿ ಉದ್ಘಾಟನೆಗೆ ಆರಿಸಿದ ದೊಡ್ಡ ಮನುಷ್ಯರು ಲೆಕ್ಕಿಸುವವರು. ಅವರ ಕಡೆಯಿಂದ ಉತ್ತರ ಬಂದ ದಿನ ಗಿರಣಿಯ ಆವರಣದಲ್ಲೇ ಸಭೆ ಸೇರಿತು. ನಾನು ಮೂಲೆಯ ಕುರ್ಚಿಯಲ್ಲಿದ್ದೆ.

"ಸಾಹೇಬ್ರು ಬತ್ತರಂತ. ಟೌನಿಗ್ ಮಾತ್ರ ಬರಲ್ವಂತ" ಎಂದರು ಕಾರ್ಯದರ್ಶಿ.

"ಅಂಗಾರ ಚಂದಕವಾಡಿಲಿ ಮಾಡ್ಬುಡನ" ಎಂದರು ಹಾರ್ಡ್‌ವೇರ್ ಅಂಗಡಿಯ ಸದಸ್ಯರು.

"ಚಂದಕವಾಡಿ ನಮ್ ತಾಲ್ಲೂಕೇ ಅಲ್ವಾ? ದೋಸ ಟೌನಿಗ್ ಮಾತ್ರವೊ, ತಾಲ್ಲೂಕ್ಗೆಲ್ಲ ಅತ್ಕತದೊ, ಮೊದ್ಲು ಅದ ತಿಳ್ಕಬೇಕು."

"ಯಾರ್ನ ಕೇಳಿಯೆ? ತಾಸಿಲ್ದಾರ್ನ?"

"ಗುಂಡ್ಲುಪ್ಯಾಟೆ ಬ್ಯಾರೆ ತಾಲ್ಲೂಕು, ಅದು ಸೇಫು."

"ಅಲ್ ಮಾಡುದ್ರ ಫೋಟದಲ್ಲಿ ಆ ಊರವ್ರು ನಿಂತ್ಕತರ. ನಾವ್ ಇಲ್ಲಿ ಶೆಡ್ಡು ಗುಡುಸ್ಕಂಡು ಕುಂತ್ಕಬೇಕಾ?"

ದೋಷದ ಗಡಿ ಎಲ್ಲಿ ಮುಗಿಯುತ್ತದೆಂದು ಅವರು ಸಂಜೆಯವರೆಗೆ ಚರ್ಚಿಸಿದರು. ನಾನು ಎದ್ದು ನಿಂತು, ವ್ಯಾನು ನಾಳೆಯಿಂದ ಓಡಲಿ, ಉದ್ಘಾಟನೆ ಅವರಿಗೆ ಅನುಕೂಲವಾದಾಗ ಆಗಲಿ ಎಂದೆ. ಅಧ್ಯಕ್ಷರು ಮಗುವಿಗೆ ಹೇಳುವ ದನಿಯಲ್ಲಿ ಹೇಳಿದರು:

"ಓಡಾಡ್ಬುಟ್ಟಿರ ವ್ಯಾನ್ನ ಯಾರವ್ವ ಉದ್ಘಾಟ್ನ ಮಾಡರು? ಎಂಜಲಾಯ್ತದ."

ಎಲ್ಲರೂ ತಲೆಯಾಡಿಸಿದರು. ಅವರಲ್ಲಿ ಒಬ್ಬರೂ ದುಷ್ಟರಲ್ಲ, ಓದುಗರೇ; ದುಷ್ಟರಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಆದರೆ ಆ ಕ್ಷಣದಲ್ಲಿ ನನಗೆ ತೆರಕಣಾಂಬಿಯ ಅಜ್ಜಿ ನೆನಪಾದಳು. ಅವಳದೂ ನಂಬಿಕೆಯೇ, ಇವರದೂ ನಂಬಿಕೆಯೇ ಎಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ. ಅವಳ ನಂಬಿಕೆ ಗಂಟು ಬಿಚ್ಚಿ ಕೊಟ್ಟಿತು. ಇವರದು ಬಾಗಿಲಿಗೆ ಬೀಗ ಹಾಕಿತು.

ಮರುದಿನ ಸಮಿತಿಯ ವಾಟ್ಸಾಪ್ ಗುಂಪಿನಿಂದ ನನ್ನನ್ನು ತೆಗೆದುಹಾಕಿದರು. ಅಪ್ಪ, ದೊಡ್ಡವರ ಮಾತಿಗೆ ಅಡ್ಡ ಬರಬೇಡ ಎಂದ. ಸಾಹಸ ತಂಡದ ಗೆಳೆಯರು ಹೊಸ ಶಿಖರದ ಮಾತಿನಲ್ಲಿದ್ದಾರೆ. ಪೇಟೆ ಬೀದಿಯಲ್ಲಿ ಕಾಣಿಕೆ ಕೊಟ್ಟವರು ಸಿಗುತ್ತಾರೆ, "ಯಾವಾಗಮ್ಮಿ ಬುಡದು ನಮ್ ವ್ಯಾನು?" ಎಂದು ಕೇಳುತ್ತಾರೆ. ಈಚೆಗೆ ಕೇಳುವುದನ್ನೂ ಬಿಟ್ಟಿದ್ದಾರೆ. ಬರಿದೆ ನಕ್ಕು ಮುಂದೆ ಹೋಗುತ್ತಾರೆ. ಮೋಡದ ನಡುವಿನ ಆ ತುದಿ ಇದಕ್ಕಿಂತ ಸಹನೀಯವಾಗಿತ್ತು. ಅಲ್ಲಿ ಯಾರೂ ನನ್ನನ್ನು ನೋಡಿ ನಕ್ಕು ಮುಂದೆ ಹೋಗುತ್ತಿರಲಿಲ್ಲ.

ಕಳೆದ ಗುರುವಾರ ಆಸ್ಪತ್ರೆಯಿಂದ ಹೊರಟ ಆಂಟಿಯ ಜೊತೆಗಿದ್ದೆ. ಬಸ್ಸಿನ ಮೊದಲ ಮೆಟ್ಟಿಲ ಮುಂದೆ ಅವರು ಕಂಬಿ ಹಿಡಿದು ನಿಂತರು. ಹಿಂದಿನವರು ನೂಕುತ್ತಿದ್ದರು.

"ನಿನ್ ಬೆಟ್ಟುಕ್ಕ ಮೆಟ್ಲಿತ್ತಾ ಬೇಟಿ?"

"ಇರ್ಲಿಲ್ಲ ಆಂಟಿ."

"ಪುಣ್ಯ ಮಾಡಿದ್ದೆ ಬುಡು. ನೋಡು, ಈ ಬಸ್ಸಿಗ ಅವ."

ಒಳಗೆ ಒಬ್ಬ ಹುಡುಗಿ ಎದ್ದು ಸೀಟು ಕೊಟ್ಟಳು. ಆಂಟಿ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡರು. ತೆರಕಣಾಂಬಿ ದಾಟಿದ ಮೇಲೆ, ಕಣ್ಣು ತೆರೆಯದೆಯೇ ಹೇಳಿದರು: "ಸೋಮ್ವಾರ ಬರದು ಬುಟ್ಬುಟ್ಟಿನಿ. ಆಗಕಿಲ್ಲ. ನಿಂಗೇಳ್ಬಾರ್ದು ಅಂತಿದ್ದೆ." ಎಷ್ಟು ವಾರದಿಂದ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಒಂದು ಸರದಿ ತಪ್ಪಿದರೆ ಶ್ವಾಸಕೋಶಕ್ಕೆ ನೀರು ಏರುತ್ತದೆಂದು ವೈದ್ಯರು ನನ್ನೆದುರಿಗೇ ಎಚ್ಚರಿಸಿದ್ದರು. ಮಾತಾಡುವಾಗ ಆಂಟಿಯ ಉಸಿರು ಪದಕ್ಕೊಮ್ಮೆ ನಿಲ್ಲುತ್ತಿತ್ತು.

ಇಂದು ಶೆಡ್ಡಿನಿಂದ ಹೊರಬರುವಾಗ ಕಾರ್ಯದರ್ಶಿಗಳು ಎದುರಾದರು. ಬಹಳ ಪ್ರೀತಿಯಿಂದ, "ಮುಂದಿನ್ ವರ್ಸ ಇನ್ನೊಂದ್ ಬೆಟ್ಟ ಅತ್ಬುಡವ್ವ. ಆಂಬುಲೆನ್ಸೇ ತಗಬುಡನ" ಎಂದರು. ಇಷ್ಟು ದಿನ ಹತ್ತುವುದೇ ನನ್ನ ಪಾಲಿನ ಕೆಲಸ, ಉಳಿದದ್ದು ಹಿರಿಯರದು ಎಂದು ತಿಳಿದಿದ್ದೆ. ಇಲ್ಲ ಎಂದೆ. ಇನ್ನು ನಾನು ಯಾವ ಬೆಟ್ಟವನ್ನೂ ಹತ್ತುವುದಿಲ್ಲ. ಕಾಣಿಕೆ ಹೇಳಿದ ಜಾಗಕ್ಕೆ ಮುಟ್ಟುವವರೆಗೆ ನಿಮ್ಮ ಗಿರಣಿಯ ಬಾಗಿಲಲ್ಲೇ ಇರುತ್ತೇನೆ. ಈ ಬರಹವನ್ನು ಅಲ್ಲಿಯ ಜಗುಲಿಯ ಮೇಲೆ ಕುಳಿತೇ ಮುಗಿಸುತ್ತಿದ್ದೇನೆ.

ಆದ್ದರಿಂದ ಮಾನ್ಯ ಪದಾಧಿಕಾರಿಗಳೇ, ಸವಿನಯವಾಗಿ ಕೇಳುತ್ತೇನೆ. ರೋಗಿಗಳಿಗೆಂದು ಜನ ಕೊಟ್ಟ ವಾಹನವನ್ನು ಒಬ್ಬರ ಅಧಿಕಾರದ ಭಯಕ್ಕಾಗಿ ನಿಲ್ಲಿಸಿಡುವ ಹಕ್ಕು ನಿಮಗೆ ಯಾರಿಂದ ಬಂತು? ಈ ತೀರ್ಮಾನಕ್ಕೆ ನಿಮ್ಮಲ್ಲಿ ಯಾರು ಹೊಣೆ? ಇದಕ್ಕೆ ನಿಮ್ಮ ಸಹಿಯುಳ್ಳ ಉತ್ತರವನ್ನು, ಕಾಣಿಕೆ ಕೊಟ್ಟವರೆಲ್ಲ ಓದುವಂತೆ, ಪ್ರಕಟಿಸಬೇಕೆಂದು ಕೋರುತ್ತೇನೆ. ಉದ್ಘಾಟಕರೇ ಬೇಕೆಂದಾದರೆ ನಸೀಮಾ ಆಂಟಿ ಇದ್ದಾರೆ. ಚಾಮರಾಜನಗರಕ್ಕೆ ಬರಲು ಅವರು ಎಂದೂ ಹೆದರಿದವರಲ್ಲ, ಕಳೆದುಕೊಳ್ಳಲು ಅವರ ಬಳಿ ಅಧಿಕಾರವೂ ಇಲ್ಲ. ಉತ್ತರ ಬರೆಯಲು ಕಾಲಾವಕಾಶ ಬೇಕಿದ್ದರೆ ತೆಗೆದುಕೊಳ್ಳಿ. ವ್ಯಾನು ಮಾತ್ರ ಈ ಸೋಮವಾರ ಬೆಳಿಗ್ಗೆ ಗುಂಡ್ಲುಪೇಟೆಯಲ್ಲಿ ಅವರ ಮನೆಯ ಮುಂದೆ ನಿಲ್ಲಬೇಕು.