ಮಾರ್ತಕ್ಕ ನಿಂತ ಆ ಬಾಗಿಲು

ಇಲ್ಲ… ನಂಬೋಕೆ ಆಗ್ತಿಲ್ಲ…

ಮೊನ್ನೆ ಭಾನುವಾರವಷ್ಟೇ ವಿಡಿಯೋ ಕಾಲ್‌ನಲ್ಲಿ ನನ್ನನ್ನು ಬೈದಿದ್ದರು.
"ಬಿಪಿ ಗುಳಿಗಿ ತಪ್ಪಿಸಿದ್ರ ಸಂಡೂರಿಗೇ ಬಂದು ನುಂಗಿಸ್ತೀನಿ ನೋಡು!"

ಇವತ್ತು ಬೆಳಿಗ್ಗೆ ಹತ್ತಕ್ಕೆ ಅವರ ಮಗಳ ಫೋನ್.
"ಆಂಟಿ… ಅಮ್ಮ ಹೋಗಿಬಿಟ್ರು…"
ಚಹಾ ಕುಡಿದು ಕುರ್ಚಿಗೆ ಒರಗಿದವರು ಮತ್ತೆ ಏಳಲೇ ಇಲ್ಲವಂತೆ.

ನಿಮ್ಮಲ್ಲಿ ಹಲವರಿಗೆ ಅವರು ಗೊತ್ತಿಲ್ಲ.
ಹೊಸಪೇಟೆಯ ನರ್ಸ್ ಮಾರ್ತಮ್ಮ. ನನಗೆ ಮಾರ್ತಕ್ಕ.
ಎಂಬತ್ತರ ದಶಕದಲ್ಲಿ ಹಂಪಿ ದಾರಿಯ ಹಳ್ಳಿಗಳಲ್ಲಿ ನಾವಿಬ್ಬರೂ ಮನೆಮನೆ ತಿರುಗುತ್ತಿದ್ದ ನರ್ಸ್‌ಗಳು. ಅವರು ಸೀನಿಯರ್. ನಾನು ಆಗಷ್ಟೇ ಟ್ರೇನಿಂಗ್ ಮುಗಿಸಿ ಬಂದವಳು.

ಕಾಲುವೆ ತುಂಬಿ ಹರಿಯುತ್ತಿದ್ದ ಕಾಲ. ಭತ್ತ, ಕಬ್ಬು, ಬಾಳೆ… ಎಲ್ಲರ ಕೈಗೂ ಕೆಲಸ.
ಅದರ ಬೆನ್ನಿಗೇ ಸೊಳ್ಳೆ, ಚಳಿಜ್ವರ.
ಬೆರಳು ಚುಚ್ಚಿ ಗಾಜಿನ ಮೇಲೆ ಒಂದು ಹನಿ ರಕ್ತ ತೆಗೆಯುವುದು, ಗುಳಿಗೆ ಕೊಡುವುದು… ದಿನವೂ ಅದೇ ನಮ್ಮ ಕೆಲಸ.

ಮಾರ್ತಕ್ಕನಿಗೆ ಚರ್ಚ್ ಎಂದರೆ ಪ್ರಾಣ. ಕ್ವಾಯರ್‌ನಲ್ಲಿ ಹಾಡುತ್ತಿದ್ದರು.
ಕಂಠ ಮಧುರವಾಗಿತ್ತು ಎಂದು ಸುಳ್ಳು ಹೇಳಲಾರೆ… ಕೈ ಅಡ್ಡ ಹಿಡಿದರೂ ಬಸ್ ನಿಲ್ಲಿಸದ ಡ್ರೈವರ್‌ನನ್ನು ಬೈಯುವಾಗ ಮಾತ್ರ ಊರಿಗೇ ಕೇಳುತ್ತಿತ್ತು.

ಒಂದು ಡಿಸೆಂಬರ್… ಗುರುವಾರ.
ಗುರುವಾರ ನಮ್ಮದು ಕಡ್ಡಿರಾಂಪುರದ ಸರದಿ. ಅವತ್ತು ಸಂಜೆ ಕ್ರಿಸ್‌ಮಸ್ ಹಾಡಿನ ಪ್ರಾಕ್ಟೀಸ್.
ಕೊನೆಯ ಎರಡು ಮನೆ ಉಳಿದಿದ್ದವು.
"ಮುಂದಿನ ವಾರ ಮೊದ್ಲು ಅಲ್ಲಿಗೇ ಹೋದ್ರಾತು ಬಿಡು" ಎಂದು ನಾಲ್ಕರ ಬಸ್ ಹತ್ತಿದರು.
ನಾನೂ ಹೂಂ ಎಂದು ಹತ್ತಿದೆ.

ಉಳಿದ ಮನೆಗಳಲ್ಲಿ ಒಂದು ಹುಲಿಗೆಮ್ಮನದು. ಭತ್ತದ ಗದ್ದೆಯಲ್ಲಿ ಕೂಲಿಗೆ ಹೋಗುತ್ತಿದ್ದ ಹೆಂಗಸು.
ಅವಳ ಎರಡು ವರ್ಷದ ಮಗನಿಗೆ ಅವತ್ತೇ ಜ್ವರ ಬಂದಿತ್ತು.
ಮೂರನೇ ದಿನ ಆಸ್ಪತ್ರೆಗೆ ಎತ್ತಿಕೊಂಡು ಹೊರಟರಂತೆ… ದಾರಿಯಲ್ಲೇ ಹೋಯಿತು ಕೂಸು…

ನಮ್ಮನ್ನು ಯಾರೂ ಏನೂ ಕೇಳಲಿಲ್ಲ.
ನಾವು ಆ ಮನೆ ತಪ್ಪಿಸಿದ್ದು ಯಾರಿಗೂ ಗೊತ್ತೇ ಇರಲಿಲ್ಲ.

ಮಾರ್ತಕ್ಕ ಎಂದರು, "ಆಕಿಗೆ ಹೇಳಬೇಕು."
"ಯಾಕ್ರಿ ಅಕ್ಕ? ಹೇಳಿದ್ರ ಕೂಸು ಬರ್ತೈತೇನು? ನಾವು ಹೋಗಿದ್ರ ಉಳೀತಿತ್ತು ಅಂತ ಯಾರು ಹೇಳ್ತಾರ? ಸುಮ್ನಿರ್ರಿ."
"ದಿನಾ ಮುಂಜಾನಿ ಪ್ರಾರ್ಥನಿಗೆ ಮೊಣಕಾಲು ಊರ್ತೀನಿ ಶಾರದಾ… ಮಾತೇ ಬರವಲ್ದು. ಆಕಿ ಮುಂದ ಮುಚ್ಚಿಟ್ಟು ಆತನ ಮುಂದ ಏನಂತ ಬಾಯಿ ತೆಗೀಲಿ?"

ಹೋದೆವು. ಹುಲಿಗೆಮ್ಮ ಹೊಸ್ತಿಲ ಮೇಲೆ ಕುಳಿತು ಅಕ್ಕಿ ಆರಿಸುತ್ತಿದ್ದಳು.
"ಹುಲಿಗೆವ್ವ, ಆವತ್ತು ನಾ ನಿನ್ನ ಮನಿಗೆ ಬರಬೇಕಿತ್ತು. ಹಾಡು ಕಲಿಯಾಕ ಹೋದೆ. ತಪ್ಪು ನಂದು."
ಅವಳು ಕೈಯಲ್ಲಿದ್ದ ಅಕ್ಕಿಯನ್ನು ಮೊರಕ್ಕೆ ಹಾಕಿದಳು.
ಮೊರ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಲ್ಲಿಂದ ಪ್ರತಿ ಗುರುವಾರ ಮಾರ್ತಕ್ಕ ಮೊದಲು ಹೋಗುತ್ತಿದ್ದುದು ಆ ಮನೆಗೇ.
"ಹುಲಿಗೆವ್ವ, ಮಾರ್ತಾ ಬಂದೀನಿ. ಆರಾಮ ಅದೀಯಾ?"
ಒಳಗೆ ಪಾತ್ರೆಗಳ ಸದ್ದು ಮಾತ್ರ.
ಒಂದು ನಿಮಿಷ ನಿಲ್ಲುವುದು… ಮುಂದಿನ ಮನೆ.
ಒಂದು ಸಲ ಒಳಗಿನಿಂದ ಮುಸುರೆ ನೀರು ಬಂದು ಅವರ ಬಿಳಿ ಸೀರೆಯ ಮೇಲೆಯೇ ಬಿತ್ತು.

ಮಾರ್ತಕ್ಕ…
ಅವತ್ತು ನನಗೆ ಎಷ್ಟು ಸಿಟ್ಟು ಬಂದಿತ್ತು ಗೊತ್ತಾ?
"ಸಾಕು ಬಿಡ್ರಿ, ಆಕಿ ಕ್ಷಮಿಸೋದಿಲ್ಲ" ಎಂದು ನಿಮ್ಮ ಮೇಲೆಯೇ ರೇಗಿದ್ದೆ.
ನೀವು ಸೆರಗು ಹಿಂಡುತ್ತಾ ಹೇಳಿದಿರಿ…
"ಕ್ಷಮಿಸ್ಲಿ ಅಂತ ಹೋಗ್ತಿಲ್ಲ ಶಾರದಾ. ಇನ್ನೊಂದು ಸಲ ತಪ್ಪಿಸಬಾರ್ದು ಅಂತ ಹೋಗ್ತೀನಿ."

ಬೇಸಿಗೆ ಬಂತು. ಕಾಲುವೆ ನೀರು ನಿಂತಿತು. ನೀವು ನಿಲ್ಲಲಿಲ್ಲ.
ಏಪ್ರಿಲ್‌ನ ಒಂದು ಸುಡು ಮಧ್ಯಾಹ್ನ, ನೀವು "ಆರಾಮ ಅದೀಯಾ" ಅನ್ನುವ ಮೊದಲೇ ಬಾಗಿಲು ತೆರೆಯಿತು.
ಹುಲಿಗೆಮ್ಮನ ಕೈಯಲ್ಲಿ ಒಂದು ಚರಿಗೆ ನೀರು.
"ಬಿಸಲಾಗ ಬಂದೀಯ. ಕುಡಿ."
ಅಷ್ಟೇ ಮಾತು.
ನೀವು ಗಟಗಟ ಕುಡಿಯುತ್ತಾ ಅರ್ಧ ನೀರು ಮೈಮೇಲೆ ಚೆಲ್ಲಿಕೊಂಡಿರಿ.

ವಾಪಸ್ ಬರುವಾಗ ಕಾಲುವೆ ಸೇತುವೆಯ ಕಟ್ಟೆ ಮೇಲೆ ಕೂತು ಮಗುವಿನ ಹಾಗೆ ಅತ್ತಿರಿ.
"ಇಷ್ಟು ವರ್ಷ ಚರ್ಚಿನಾಗ ಯೇಸಪ್ಪನ್ನ ಹುಡುಕಿದೆ… ಇವತ್ತು ಆತ ಚರಿಗಿ ಹಿಡ್ಕಂಡು ಬಾಗಿಲಾಗ ನಿಂತಿದ್ದ ನೋಡು ಶಾರದಾ…"
ನಾನು ಪಕ್ಕದಲ್ಲಿ ಕೂತಿದ್ದೆ.
ನಾಲ್ಕರ ಬಸ್ ಹೋಯಿತು… ಮುಂದಿನ ಬಸ್ಸೂ ಹೋಯಿತು.

ಆಮೇಲೆ ಹುಲಿಗೆಮ್ಮನಿಗೆ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ಎರಡೂ ಹೆರಿಗೆಯಲ್ಲಿ ನೀವೇ ಪಕ್ಕದಲ್ಲಿದ್ದಿರಿ. ಅವಳೇ ಹೇಳಿಕಳುಹಿಸಿದ್ದಳು.

ನಿಮ್ಮ ಧರ್ಮದ ಬಗ್ಗೆ ನನಗೆ ಒಂದು ದಿನವೂ ಉಪದೇಶ ಮಾಡಲಿಲ್ಲ ಅಕ್ಕ ನೀವು.
ಆದರೆ ಒಂದು ಮನೆ ಬಿಟ್ಟು ಬಸ್ ಹತ್ತಲು ರಿಟೈರ್ ಆಗುವವರೆಗೂ ನನಗೆ ಕಾಲು ಬರಲಿಲ್ಲ…

ಮಧ್ಯಾಹ್ನ ಹುಲಿಗೆಮ್ಮನಿಗೆ ಫೋನ್ ಮಾಡಿದೆ.
ಸುದ್ದಿ ಕೇಳಿದವಳೇ ಅಂದಳು,
"ಮಣ್ಣು ಯಾವಾಗ?"
"ನಾಳೆ ಹನ್ನೊಂದಕ್ಕ. ನಿನಗ ಮೊಣಕಾಲು ನೋವು, ನೀ ಬರೋದು ಬ್ಯಾಡ ಬಿಡವ್ವ…"
"ಆಕಿ ನನ್ನ ಬಾಗಿಲಿಗೆ ಎಷ್ಟು ಸಲ ಬಂದಾಳ ನರ್ಸಮ್ಮ… ನಾ ಒಂದು ಸಲ ಹೋಗಬಾರ್ದೇನು? ಆಟೋ ಮಾಡ್ಕಂಡು ಬರ್ತೀನಿ. ನೀ ಚರ್ಚಿನ ಮುಂದ ನಿಂದ್ರು."

ನಿಂತಿರುತ್ತೇನೆ…

ಹೋಗಿಬನ್ನಿ ಮಾರ್ತಕ್ಕ.
ನೀವು ನಂಬಿದ ಕರ್ತನ ಸನ್ನಿಧಿಯಲ್ಲಿ ನಿಮ್ಮ ದಣಿದ ಕಾಲುಗಳಿಗೆ ನೆಮ್ಮದಿ ಸಿಗಲಿ… 🙏